ಪುನರ್ಪುಳಿಯ ಕೆಂಪನ್ನು ಅಳೆಯುವುದು: ಡೈಲ್ಯೂಷನ್ ಮತ್ತು ಬೆಳಕಿನ ಹೀರುವಿಕೆಯಿಂದ ದ್ರಾವಣದ ಸಾರತೆ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್, ಮೇ ತಿಂಗಳಲ್ಲಿ ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ತೋಟ ಮತ್ತು ಕಾಡಂಚುಗಳಲ್ಲಿ ಪುನರ್ಪುಳಿ (ಕೋಕಂ) ಹಣ್ಣಾಗುತ್ತದೆ. ಮಳೆಗಾಲ ಹಿಡಿಯುವುದರೊಳಗೆ ಅದರ ಸಿಪ್ಪೆಯನ್ನು ಒಣಗಿಸಿಡುವುದು ಉಡುಪಿ, ಮಂಗಳೂರಿನ ಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಆ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿದರೆ ಬರುವ ಕಡುಗೆಂಪು ಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು ಕಾರಣ. ಈ ಹಣ್ಣಿನಲ್ಲಿ ಮುಖ್ಯವಾಗಿ ಸಯನಿಡಿನ್-3-ಸ್ಯಾಂಬುಬಯೋಸೈಡ್ ಮತ್ತು ಸಯನಿಡಿನ್-3-ಗ್ಲುಕೋಸೈಡ್ ಎಂಬ ಎರಡು ಇವೆ. ಒಂದು ಮರದ ಸಿಪ್ಪೆಯಲ್ಲಿ ಇನ್ನೊಂದಕ್ಕಿಂತ ಹೆಚ್ಚು ಬಣ್ಣವಿದೆಯೇ, ವರ್ಷವಿಡೀ ಡಬ್ಬಿಯಲ್ಲಿದ್ದ ಸಿಪ್ಪೆಯಲ್ಲಿ ಎಷ್ಟು ಉಳಿದಿದೆ ಎಂಬ ಪ್ರಶ್ನೆಗಳಿಗೆ ಕಣ್ಣಂದಾಜಿನ ಉತ್ತರ ಸಾಲದು. ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು, ಅಂದರೆ ಸಾರತೆಯನ್ನು, ಹೇಳಬೇಕಾಗುತ್ತದೆ. ಪದವಿ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಇರುವ ಸಲಕರಣೆಗಳಿಂದಲೇ ಆ ಅಂಕಿಯನ್ನು ಪಡೆಯುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಈ ಅಳತೆಯಲ್ಲಿ ಯಂತ್ರದ ಪಾಲು ಚಿಕ್ಕದು, ತೆಳುಗೊಳಿಸುವ ಕೈಯ ಪಾಲು ದೊಡ್ಡದು. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ತನ್ನ ಮುಂದಿಟ್ಟ ಯಾವ ದ್ರಾವಣಕ್ಕೂ ಒಂದು ಅಂಕಿ ತೋರಿಸಿಬಿಡುತ್ತದೆ. ಆ ಅಂಕಿಗೆ ಅರ್ಥ ಇದೆಯೋ ಇಲ್ಲವೋ ಎಂಬುದು ದ್ರಾವಣವನ್ನು ಎಷ್ಟು ಪಟ್ಟು, ಯಾವುದರಿಂದ, ಎಷ್ಟು ಜಾಗ್ರತೆಯಿಂದ ತೆಳುಗೊಳಿಸಿದ್ದೇವೆ ಎಂಬುದರಿಂದ ತೀರ್ಮಾನವಾಗುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ತೆಳುಗೊಳಿಸುವಿಕೆಗೆ, ಅಂದರೆ ಡೈಲ್ಯೂಷನ್‌ಗೇ ಮೀಸಲು.

ಹೀರುವಿಕೆ ಎಂಬ ಅಂಕಿಯ ಹಿಂದೆ

ಬಣ್ಣದ ದ್ರಾವಣದ ಮೂಲಕ ಬೆಳಕನ್ನು ಹಾಯಿಸಿದಾಗ ಒಂದು ಭಾಗ ಹೀರಲ್ಪಟ್ಟು, ಉಳಿದದ್ದು ಆಚೆ ಬರುತ್ತದೆ. ಒಳಹೋದ ಬೆಳಕನ್ನು ಹೊರಬಂದ ಬೆಳಕಿನಿಂದ ಭಾಗಿಸಿ, ಆ ಭಾಗಲಬ್ಧಕ್ಕೆ ಹತ್ತನ್ನು ಆಧಾರವಾಗಿಟ್ಟು ಲಾಗ್ ತೆಗೆದರೆ ಸಿಗುವುದೇ ಹೀರುವಿಕೆ, ಅಂದರೆ ಅಬ್ಸಾರ್ಬೆನ್ಸ್. ಹೀರುವಿಕೆ 1 ಎಂದರೆ ನೂರರಲ್ಲಿ 10 ಪಾಲು ಬೆಳಕು ಮಾತ್ರ ಆಚೆ ಬಂದಿದೆ. 2 ಎಂದರೆ 1 ಪಾಲು. 3 ಎಂದರೆ ಸಾವಿರದಲ್ಲಿ ಒಂದು ಪಾಲು. ಬೆಳಕು ಹಾದುಹೋಗುವ ದಾರಿ ಉದ್ದವಾದಷ್ಟೂ ಹೀರುವಿಕೆ ಹೆಚ್ಚುತ್ತದೆ ಎಂಬುದನ್ನು 1729ರಲ್ಲಿ ಬುಗೇರ್ ಮತ್ತು 1760ರಲ್ಲಿ ಲ್ಯಾಂಬರ್ಟ್ ತಿಳಿಸಿದ್ದರು. ಸಾರತೆಗೂ ಇದೇ ಸಂಬಂಧ ಇರುವುದನ್ನು 1852ರಲ್ಲಿ ಬಿಯರ್ ತೋರಿಸಿಕೊಟ್ಟರು. ಮೂವರ ಮಾತನ್ನೂ ಕೂಡಿಸಿದರೆ, ಹೀರುವಿಕೆಯು ಮೋಲಾರ್ ಹೀರುವಿಕೆ ಗುಣಾಂಕ, ಸಾರತೆ ಮತ್ತು ಬೆಳಕಿನ ದಾರಿಯ ಉದ್ದ ಇವುಗಳ ಗುಣಲಬ್ಧಕ್ಕೆ ಸಮ ಎಂಬ ಸೂತ್ರ ಸಿಗುತ್ತದೆ. ಮೋಲಾರ್ ಗುಣಾಂಕ ಎಂದರೆ ಲೀಟರಿಗೆ 1 ಮೋಲ್ ಇರುವ ದ್ರಾವಣ 1 ಸೆಂಟಿಮೀಟರ್ ದಾರಿಯಲ್ಲಿ ತೋರುವ ಹೀರುವಿಕೆ. ಬೆಳಕು ಹಾಯಿಸಲು ದ್ರಾವಣ ತುಂಬಿಸುವ ಪುಟ್ಟ ಪಾತ್ರೆಯಾದ ಸಾಮಾನ್ಯ ಕ್ಯುವೆಟ್‌ನಲ್ಲಿ ಆ ದಾರಿ 1 ಸೆಂಟಿಮೀಟರ್.

ಸೂತ್ರ ನೇರಗೆರೆಯದ್ದಾದರೂ ಯಂತ್ರ ಎಲ್ಲ ಕಡೆಯೂ ನೇರವಾಗಿ ನಡೆದುಕೊಳ್ಳುವುದಿಲ್ಲ. ಹೀರುವಿಕೆ 2 ದಾಟಿದಾಗ ಬೆಳಕನ್ನು ಗ್ರಹಿಸುವ ಪತ್ತೆಕಾರಕವನ್ನು (ಡಿಟೆಕ್ಟರ್) ತಲುಪುವ ಬೆಳಕು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಯಂತ್ರದೊಳಗೆ ಅಡ್ಡಾಡುವ ಬೇರೆ ತರಂಗಾಂತರದ ಅಲ್ಪಸ್ವಲ್ಪ ಬೆಳಕೂ ಅದರ ಜೊತೆ ಸೇರಿಕೊಂಡು, ದ್ರಾವಣವು ಇದ್ದದ್ದಕ್ಕಿಂತ ತೆಳುವಾಗಿದೆ ಎಂಬ ತಪ್ಪು ಲೆಕ್ಕವನ್ನು ಕೊಡುತ್ತದೆ. ಇನ್ನೊಂದು ತುದಿಯಲ್ಲಿ, 0.1ಕ್ಕಿಂತ ಕೆಳಗೆ, ಕ್ಯುವೆಟ್‌ನ ಮೇಲಿನ ಬೆರಳಚ್ಚು ಕೂಡ ಓದನ್ನು ಗಣನೀಯವಾಗಿ ಬದಲಿಸಬಲ್ಲದು. ಆದ್ದರಿಂದ 0.2ರಿಂದ 1ರ ನಡುವೆ ಓದು ಬರುವಂತೆ ತೆಳುಗೊಳಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಸಿದ್ಧತೆ

520 ಮತ್ತು 700 ನ್ಯಾನೋಮೀಟರ್‌ಗೆ ಹೊಂದಿಸಬಲ್ಲ ಸ್ಪೆಕ್ಟ್ರೋಫೋಟೋಮೀಟರ್, ಗ್ರಾಂನ ಸಾವಿರದಲ್ಲಿ ಒಂದು ಪಾಲನ್ನೂ ತೋರಿಸುವ ತಕ್ಕಡಿ, ಪಿಎಚ್ ಮೀಟರ್, 10, 50, 100 ಮತ್ತು 1000 ಮಿ.ಲೀ.ಯ, ಕೊರಳಲ್ಲಿ ಪರಿಮಾಣದ ಗುರುತಿರುವ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ಗಳು, 1 ಮಿ.ಲೀ. ವರೆಗಿನ ಮೈಕ್ರೋಪಿಪೆಟ್ ಅಥವಾ ಗಾಜಿನ ಪಿಪೆಟ್ ಇವಿಷ್ಟು ಬೇಕು. ಕ್ಯುವೆಟ್ ಗಾಜಿನದೋ ಪ್ಲಾಸ್ಟಿಕ್ಕಿನದೋ ಆದರೆ ಸಾಕು. ಕ್ವಾರ್ಟ್ಸ್ ಬೇಕಾಗುವುದು ಅತಿನೇರಳೆ ಬೆಳಕಿನಲ್ಲಿ ಅಳೆಯುವಾಗ ಮಾತ್ರ. ಫಿಲ್ಟರ್ ಇರುವ ಕಲರಿಮೀಟರ್‌ನಲ್ಲೂ ಅಭ್ಯಾಸ ಮಾಡಬಹುದು. ಆದರೆ ಅದರ ಫಿಲ್ಟರ್ ಅಗಲವಾದ ತರಂಗಾಂತರ ಪಟ್ಟಿಯನ್ನು ಬಿಡುವುದರಿಂದ, ಪ್ರಕಟಿತ ಗುಣಾಂಕಗಳನ್ನು ಅದಕ್ಕೆ ನೇರವಾಗಿ ಹಚ್ಚುವಂತಿಲ್ಲ. ಅಲ್ಲಿ ಸಿಗುವ ಅಂಕಿಗಳನ್ನು ಒಂದು ಸಿಪ್ಪೆಯೊಡನೆ ಇನ್ನೊಂದನ್ನು ಹೋಲಿಸಲು ಬಳಸಬಹುದು, ಮಿಲಿಗ್ರಾಂ ಲೆಕ್ಕಕ್ಕೆ ಬೇಡ.

ಬಾವಿ ನೀರು ಖಂಡಿತ ಬೇಡ. ಮುರಕಲ್ಲಿನ ನೆಲದ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟು. ಸಯನಿಡಿನ್ ವರ್ಗದ ವರ್ಣದ್ರವ್ಯಗಳು ಕಬ್ಬಿಣದೊಡನೆ ಕೂಡಿಕೊಂಡು ಬಣ್ಣವನ್ನೇ ನೀಲಿಯತ್ತ ಸರಿಸುತ್ತವೆ. ಎಲ್ಲ ಹಂತಗಳಿಗೂ ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು.

ಎರಡು ಬಫರ್‌ಗಳನ್ನು, ಅಂದರೆ ತಮ್ಮ ಪಿಎಚ್ (ಆಮ್ಲೀಯತೆಯ ಅಳತೆ) ಬದಲಾಗದಂತೆ ಕಾಯ್ದುಕೊಳ್ಳುವ ದ್ರಾವಣಗಳನ್ನು, ಮೊದಲೇ ಮಾಡಿಟ್ಟುಕೊಳ್ಳಿ. ಪಿಎಚ್ 1.0ರ ಬಫರ್‌ಗೆ 1.86 ಗ್ರಾಂ ಪೊಟ್ಯಾಷಿಯಂ ಕ್ಲೋರೈಡನ್ನು ಸುಮಾರು 980 ಮಿ.ಲೀ. ನೀರಿನಲ್ಲಿ ಕರಗಿಸಿ, ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ ಹೊಂದಿಸಿ, ಒಂದು ಲೀಟರಿಗೆ ಪೂರ್ತಿ ಮಾಡಬೇಕು. ಪಿಎಚ್ 4.5ರ ಬಫರ್‌ಗೆ 54.43 ಗ್ರಾಂ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟನ್ನು ಸುಮಾರು 960 ಮಿ.ಲೀ. ನೀರಿನಲ್ಲಿ ಕರಗಿಸಿ, ಅದೇ ಆಮ್ಲದಿಂದ ಪಿಎಚ್ ಹೊಂದಿಸಿ, ಒಂದು ಲೀಟರಿಗೆ ತರಬೇಕು. ಸೀಸೆಯ ಮೇಲೆ ಟ್ರೈಹೈಡ್ರೇಟ್ ಎಂದಿದೆಯೇ, ನಿರ್ಜಲ ಎಂದಿದೆಯೇ ಎಂದು ನೋಡಿಕೊಳ್ಳುವುದು ಮುಖ್ಯ, ಏಕೆಂದರೆ ತೂಕ ಬೇರೆಯಾಗುತ್ತದೆ. ಆಮ್ಲವನ್ನು ಯಾವಾಗಲೂ ನೀರಿಗೆ ಹನಿಹನಿಯಾಗಿ ಸೇರಿಸಬೇಕು. ಕೈಗವಸು ಮತ್ತು ಕನ್ನಡಕ ಕಡ್ಡಾಯ. ಇದು ವಿಶ್ಲೇಷಣಾ ವಿಧಾನಗಳನ್ನು ಮಾನ್ಯಮಾಡುವ ಎಒಎಸಿ ಸಂಸ್ಥೆಯ 2005.02 ಸಂಖ್ಯೆಯ ಅಧಿಕೃತ ವಿಧಾನದಲ್ಲಿರುವ ಬಫರ್ ಜೋಡಿ.

ಯಂತ್ರವನ್ನು ಅಳತೆಗೆ ಅರ್ಧ ಗಂಟೆ ಮುಂಚೆ ಚಾಲೂ ಮಾಡಿ, ದೀಪ ಸ್ಥಿರಗೊಳ್ಳಲು ಬಿಡಿ. ನಡುವೆ ಕರೆಂಟು ಹೋಗಿ ಬಂದರೆ ಮತ್ತೆ ಕಾಯಬೇಕು, ಮತ್ತೆ ಶೂನ್ಯ ಹೊಂದಿಸಬೇಕು. ಮಳೆಗಾಲದಲ್ಲಿ ಈ ಎಚ್ಚರಿಕೆ ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಬೇಕಾಗುತ್ತದೆ.

ಮೊದಲು ಕೈಯನ್ನೂ ಯಂತ್ರವನ್ನೂ ಪರೀಕ್ಷಿಸುವುದು

ಪುನರ್ಪುಳಿಗೆ ಹೋಗುವ ಮೊದಲು, ಸಾರತೆ ಗೊತ್ತಿರುವ ಒಂದು ದ್ರಾವಣದಿಂದ ಮಾನಕ ರೇಖೆ (ಸಾರತೆಗೆ ತಕ್ಕ ಹೀರುವಿಕೆಯನ್ನು ತೋರಿಸುವ ಗ್ರಾಫ್) ಎಳೆದು ನೋಡುವುದು ಒಳ್ಳೆಯದು. ಪೊಟ್ಯಾಷಿಯಂ ಪರ್ಮಾಂಗನೇಟ್ ಅಗ್ಗವಾಗಿ ಸಿಗುತ್ತದೆ, 525 ನ್ಯಾನೋಮೀಟರ್ ಬಳಿ ಚೆನ್ನಾಗಿ ಹೀರುತ್ತದೆ, ಅಂದರೆ ನಮಗೆ ಬೇಕಾದ ತರಂಗಾಂತರದ ಪಕ್ಕದಲ್ಲೇ ಇದೆ. 0.158 ಗ್ರಾಂ ಪರ್ಮಾಂಗನೇಟನ್ನು ಒಂದು ಲೀಟರಿಗೆ ಕರಗಿಸಿದರೆ 1 ಮಿಲಿಮೋಲಾರ್ (ಲೀಟರಿಗೆ ಒಂದು ಮೋಲಿನ ಸಾವಿರದಲ್ಲಿ ಒಂದು ಪಾಲು) ಮೂಲ ದ್ರಾವಣವಾಗುತ್ತದೆ. ಹರಳುಗಳು ನಿಧಾನವಾಗಿ ಕರಗುತ್ತವೆ. ತಳದಲ್ಲಿ ಒಂದೂ ಉಳಿಯದ ಹಾಗೆ ಅಲ್ಲಾಡಿಸಿ, ಅದೇ ದಿನ ಬಳಸಿಬಿಡಬೇಕು.

ಐದು 10 ಮಿ.ಲೀ. ಫ್ಲಾಸ್ಕ್‌ಗಳಿಗೆ ಮೂಲ ದ್ರಾವಣದ 0.5, 1, 1.5, 2 ಮತ್ತು 3 ಮಿ.ಲೀ.ಗಳನ್ನು ಹಾಕಿ, ಪ್ರತಿಯೊಂದನ್ನೂ ಗುರುತಿನವರೆಗೆ ನೀರಿನಿಂದ ತುಂಬಿಸಿ. ಸಾರತೆಗಳು ಕ್ರಮವಾಗಿ 0.05, 0.1, 0.15, 0.2 ಮತ್ತು 0.3 ಮಿಲಿಮೋಲಾರ್ ಆಗುತ್ತವೆ. ಇಲ್ಲಿ ಐದನ್ನೂ ಒಂದೇ ಮೂಲ ದ್ರಾವಣದಿಂದ ಪ್ರತ್ಯೇಕವಾಗಿ ಮಾಡಿರುವುದನ್ನು ಗಮನಿಸಿ. ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಸರಣಿಯಾಗಿ ಅರ್ಧರ್ಧ ಮಾಡುತ್ತ ಹೋಗುವ ಕ್ರಮವೂ ಇದೆ, ಪಠ್ಯಗಳಲ್ಲಿ ಅದೇ ಹೆಚ್ಚು ಕಾಣುತ್ತದೆ. ಆದರೆ ಸರಣಿಯಲ್ಲಿ ಪ್ರತಿ ಹಂತದ ದೋಷ ಮುಂದಿನದಕ್ಕೆ ಸಾಗುತ್ತದೆ. ಪಿಪೆಟ್ ಪ್ರತಿ ಸಲವೂ ಶೇಕಡಾ 2ರಷ್ಟು ಸಾರತೆ ಹೆಚ್ಚುವಂತೆ ತಪ್ಪಿದರೆ ಐದನೇ ನಳಿಕೆಯ ಹೊತ್ತಿಗೆ ಒಟ್ಟು ದೋಷ ಶೇಕಡಾ 10 ದಾಟಿರುತ್ತದೆ. ಬ್ಯಾಕ್ಟೀರಿಯಾ ಎಣಿಕೆಯಂತೆ ಲಕ್ಷಪಟ್ಟು ತೆಳುಗೊಳಿಸಬೇಕಾದ ಕಡೆ ಸರಣಿ ಅನಿವಾರ್ಯ. ಮಾನಕ ರೇಖೆಗೆ ಅದನ್ನು ಬಳಸದಿರುವುದೇ ಒಳ್ಳೆಯದು.

ಪರ್ಮಾಂಗನೇಟ್ ಮೂಲ ದ್ರಾವಣ ಬಲು ಗಾಢವಾಗಿರುವುದರಿಂದ ಗಾಜಿನ ಪಿಪೆಟ್‌ನಲ್ಲಿ ದ್ರವದ ಬಾಗಿದ ಮೇಲ್ಮೈಯ ತಳ ಕಾಣುವುದಿಲ್ಲ. ಆಗ ಮೇಲಂಚನ್ನು ಓದಬಹುದು, ಆದರೆ ಎಲ್ಲ ಓದುಗಳಲ್ಲೂ ಅದನ್ನೇ ಪಾಲಿಸಬೇಕು. ಪಿಪೆಟ್‌ನ ಹೊರಮೈಗೆ ಅಂಟಿದ ಹನಿಯನ್ನು ಒರೆಸದೆ ಫ್ಲಾಸ್ಕ್‌ಗೆ ಇಳಿಸಬಾರದು. ಗುರುತಿನವರೆಗೆ ತುಂಬಿಸಿದ ಮೇಲೆ ಮುಚ್ಚಳ ಹಾಕಿ, ಹತ್ತು ಹನ್ನೆರಡು ಸಲ ಪೂರ್ತಿ ತಲೆಕೆಳಗು ಮಾಡಿ ಬೆರೆಸಬೇಕು. ಫ್ಲಾಸ್ಕನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಲುಕಿದರೆ ಕೊರಳಿನ ಭಾಗದ ನೀರು ಬೆರೆಯದೆ ಉಳಿಯುತ್ತದೆ. ಕೊರಳಲ್ಲಿ ತಿಳಿ ಗುಲಾಬಿ, ಹೊಟ್ಟೆಯಲ್ಲಿ ಕಡು ನೇರಳೆ ಹೀಗೆ ಎರಡು ಬಣ್ಣ ಕಣ್ಣಿಗೇ ಕಾಣುತ್ತದೆ.

ಭಟ್ಟಿ ಇಳಿಸಿದ ನೀರಿನಿಂದ ಶೂನ್ಯ ಹೊಂದಿಸಿ, ತೆಳುವಾದದ್ದರಿಂದ ಗಾಢವಾದದ್ದರ ಕಡೆಗೆ ಓದುತ್ತ ಹೋಗಿ. ಪ್ರತಿ ಸಲ ಕ್ಯುವೆಟ್ಟನ್ನು ಮುಂದಿನ ದ್ರಾವಣದಿಂದಲೇ ಎರಡು ಸಲ ತೊಳೆದುಕೊಂಡು ತುಂಬಿಸಿ. ಅಡ್ಡ ಅಕ್ಷದಲ್ಲಿ ಸಾರತೆ, ಲಂಬ ಅಕ್ಷದಲ್ಲಿ ಹೀರುವಿಕೆ ಇಟ್ಟು ಗ್ರಾಫ್ ಎಳೆದರೆ ಸೊನ್ನೆಯ ಮೂಲಕ ಹಾಯುವ ನೇರಗೆರೆ ಬರಬೇಕು. ಪರ್ಮಾಂಗನೇಟ್‌ನ ಮೋಲಾರ್ ಗುಣಾಂಕ ಇಲ್ಲಿ 2,400ರ ಆಸುಪಾಸು ಇರುವುದರಿಂದ 0.3 ಮಿಲಿಮೋಲಾರ್ ದ್ರಾವಣ ಸುಮಾರು 0.7 ತೋರಿಸುತ್ತದೆ. ಗೆರೆ ಸೊನ್ನೆಯನ್ನು ತಪ್ಪಿಸಿ ಮೇಲೆ ಹಾದರೆ ಶೂನ್ಯ ಹೊಂದಿಸಿದ ಕ್ಯುವೆಟ್ಟೂ ಅಳತೆಯ ಕ್ಯುವೆಟ್ಟೂ ಸರಿಹೊಂದಿಲ್ಲ ಎಂದು ಶಂಕಿಸಬೇಕು. ಮೇಲ್ತುದಿ ಕೆಳಕ್ಕೆ ಬಾಗಿದರೆ ಅಡ್ಡಾಡುವ ಬೆಳಕನ್ನು. ಬಿಂದುಗಳು ಗೆರೆಯ ಎರಡೂ ಬದಿಗೆ ಚೆದುರಿದರೆ ಪಿಪೆಟ್ ಹಿಡಿದ ಕೈಯನ್ನು.

ಕೊನೆಗೆ ಜೊತೆಯವರೊಬ್ಬರು ತಮಗಷ್ಟೇ ಗೊತ್ತಿರುವ ಪ್ರಮಾಣದಲ್ಲಿ ಆರನೆಯ ಫ್ಲಾಸ್ಕ್ ತಯಾರಿಸಲಿ. ಅದರ ಸಾರತೆಯನ್ನು ಗ್ರಾಫಿನಿಂದ ಓದಿ ಹೇಳಿ. ನಿಮ್ಮ ಉತ್ತರ ಶೇಕಡಾ 3ರೊಳಗೆ ಹೊಂದಿದರೆ ಮುಂದುವರಿಯಬಹುದು. ಹೊಂದದಿದ್ದರೆ ಈ ಅಭ್ಯಾಸವನ್ನು ಮತ್ತೆ ಮಾಡುವುದು ವ್ಯರ್ಥವಲ್ಲ. ಕ್ಯುವೆಟ್‌ನಲ್ಲಿ ಕಂದು ಕಲೆ ಉಳಿದರೆ ಸ್ವಲ್ಪ ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ತೊಳೆದರೆ ಹೋಗುತ್ತದೆ.

ಸಿಪ್ಪೆಯಿಂದ ಸಾರ ತೆಗೆಯುವುದು

ಬೀಜ ಮತ್ತು ತಿರುಳನ್ನು ಬಿಡಿಸಿದ ಹಸಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಸರಿಯಾಗಿ 5 ಗ್ರಾಂ ತೂಗಿ. ಒಂದು ಲೀಟರ್ ನೀರಿಗೆ 1 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಆಮ್ಲೀಯ ನೀರನ್ನು ಸಿದ್ಧಮಾಡಿಕೊಳ್ಳಿ. ಕುಟ್ಟಾಣಿಯಲ್ಲಿ ಸಿಪ್ಪೆಯನ್ನು 25 ಮಿ.ಲೀ. ಆಮ್ಲೀಯ ನೀರಿನೊಡನೆ ಅರೆದು, ವಾಟ್‌ಮನ್ 1 ಕಾಗದದಲ್ಲಿ ಸೋಸಿ, ಉಳಿದ ಚರಟವನ್ನು ಮತ್ತೆ ಇನ್ನಷ್ಟು ಆಮ್ಲೀಯ ನೀರಿನೊಡನೆ ಅರೆಯಿರಿ. ಚರಟ ಬಿಳಿಚಿಕೊಳ್ಳುವವರೆಗೆ ಮೂರು ಬಾರಿಯಾದರೂ ಹೀಗೆ ಮಾಡಿ, ಸೋಸಿದ ದ್ರವವನ್ನೆಲ್ಲ 100 ಮಿ.ಲೀ. ಫ್ಲಾಸ್ಕ್‌ಗೆ ಸೇರಿಸಿ ಗುರುತಿಗೆ ತನ್ನಿ. ಪಾನಕಕ್ಕೆ ಮಾಡುವಂತೆ ಕುದಿಸಬಾರದು. ಶಾಖ ಮತ್ತು ಬೆಳಕು ಎರಡೂ ಆಂಥೋಸಯನಿನ್‌ಗಳನ್ನು ಒಡೆಯುತ್ತವೆ. ಫ್ಲಾಸ್ಕ್‌ಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಅದೇ ದಿನ ಅಳೆಯಬೇಕು.

ಒಣಸಿಪ್ಪೆಯಾದರೆ ತೂಕದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಲ್ಲಿ ಉಪ್ಪಿನ ತೂಕವೂ ಸೇರಿರುತ್ತದೆ. ಜುಲೈ ತಿಂಗಳಲ್ಲಿ ಡಬ್ಬಿ ತೆರೆದರೆ ಸಿಪ್ಪೆ ತಂಪು ಹೀರಿ ಮೆತ್ತಗಾಗಿರುತ್ತದೆ. ಮೇ ತಿಂಗಳ 5 ಗ್ರಾಂ ಮತ್ತು ಜುಲೈಯ 5 ಗ್ರಾಂ ಒಂದೇ ಅಲ್ಲ. ಅದೇ ಮಾದರಿಯ ಇನ್ನೊಂದು ಭಾಗವನ್ನು ತೂಗಿ, ಓವನ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ತೇವಾಂಶವನ್ನು ಬೇರೆಯಾಗಿ ಕಂಡುಕೊಂಡು, ಫಲಿತಾಂಶವನ್ನು ಒಣತೂಕದ ಮೇಲೆ ಹೇಳಬೇಕು. ಆಂಥೋಸಯನಿನ್ ಅಳೆಯುವ ಭಾಗವನ್ನು ಮಾತ್ರ ಓವನ್‌ಗೆ ಇಡಬಾರದು.

ಎಷ್ಟು ಪಟ್ಟು, ಯಾವುದರಿಂದ ತೆಳುಗೊಳಿಸಬೇಕು

ಡೈಲ್ಯೂಷನ್ ಫ್ಯಾಕ್ಟರ್ ಎಂದರೆ ಅಂತಿಮ ಒಟ್ಟು ಪರಿಮಾಣವನ್ನು ತೆಗೆದುಕೊಂಡ ಮಾದರಿಯ ಪರಿಮಾಣದಿಂದ ಭಾಗಿಸಿದ ಸಂಖ್ಯೆ. 1 ಮಿ.ಲೀ. ಮಾದರಿಯನ್ನು 50 ಮಿ.ಲೀ.ಗೆ ತಂದರೆ ಅದು 50. 1 ಮಿ.ಲೀ. ಮಾದರಿಗೆ 50 ಮಿ.ಲೀ. ಸೇರಿಸಿದರೆ 51. ಒಂದಕ್ಕೆ ನಾಲ್ಕು ಎಂದು ಬರೆದಿಟ್ಟರೆ ಒಬ್ಬರು ನಾಲ್ಕು ಪಟ್ಟು ಎಂದೂ ಇನ್ನೊಬ್ಬರು ಐದು ಪಟ್ಟು ಎಂದೂ ಓದುತ್ತಾರೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಅನುಪಾತ ಬರೆಯದೆ, ಎಷ್ಟು ತೆಗೆದು ಎಷ್ಟಕ್ಕೆ ತರಲಾಯಿತು ಎಂದು ಎರಡೂ ಪರಿಮಾಣಗಳನ್ನು ಬರೆಯಬೇಕು. ಎರಡು ಹಂತಗಳಲ್ಲಿ ತೆಳುಗೊಳಿಸಿದರೆ ಎರಡರ ಫ್ಯಾಕ್ಟರ್‌ಗಳನ್ನು ಗುಣಿಸಬೇಕು: 1 ಮಿ.ಲೀ. ಹತ್ತಕ್ಕೆ, ಅದರಿಂದ 2 ಮಿ.ಲೀ. ಮತ್ತೆ ಹತ್ತಕ್ಕೆ ಎಂದರೆ ಹತ್ತನ್ನು ಐದರಿಂದ ಗುಣಿಸಿ 50.

ತೆಳುಗೊಳಿಸಲು ನೀರು ಬಳಸುವುದು ಇಲ್ಲಿ ಬಹಳ ಮಂದಿ ಮಾಡುವ ತಪ್ಪು. ಆಂಥೋಸಯನಿನ್ ಅಣು ಬಲವಾದ ಆಮ್ಲದಲ್ಲಿ ಕೆಂಪಾದ ಫ್ಲಾವೀಲಿಯಂ ರೂಪದಲ್ಲಿರುತ್ತದೆ. ಆಮ್ಲ ದುರ್ಬಲವಾಗುತ್ತಿದ್ದಂತೆ ನೀರಿನ ಅಣುವೊಂದನ್ನು ಸೇರಿಸಿಕೊಂಡು ಬಣ್ಣವಿಲ್ಲದ ರೂಪಕ್ಕೆ ಬದಲಾಗುತ್ತದೆ. ನಮ್ಮ ಸಾರದ ಪಿಎಚ್ 2ರ ಆಸುಪಾಸಿನಲ್ಲಿದೆ. ಅದನ್ನು ಐವತ್ತು ಪಟ್ಟು ನೀರಿನಿಂದ ತೆಳುಗೊಳಿಸಿದರೆ ಆಮ್ಲವೂ ಐವತ್ತು ಪಟ್ಟು ತೆಳುವಾಗಿ ಪಿಎಚ್ 3ರ ಮೇಲಕ್ಕೆ ಏರುತ್ತದೆ. ಆಗ ಬಣ್ಣ ಇಳಿಯುವುದು ಎರಡು ಕಾರಣಕ್ಕೆ: ವರ್ಣದ್ರವ್ಯ ಹಂಚಿಹೋದದ್ದಕ್ಕೆ, ಮತ್ತು ಉಳಿದದ್ದರಲ್ಲೂ ದೊಡ್ಡ ಪಾಲು ಬಣ್ಣ ಕಳೆದುಕೊಂಡದ್ದಕ್ಕೆ. ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಎರಡು ಲೋಟಗಳಲ್ಲಿ ಒಂದೊಂದು ಮಿ.ಲೀ. ಸಾರ ಹಾಕಿ, ಒಂದನ್ನು ನೀರಿನಿಂದಲೂ ಇನ್ನೊಂದನ್ನು ಪಿಎಚ್ 1.0ರ ಬಫರ್‌ನಿಂದಲೂ 50 ಮಿ.ಲೀ.ಗೆ ತಂದು, ಬಿಳಿ ಕಾಗದದ ಮೇಲೆ ಅಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬಫರ್‌ನ ಲೋಟ ದಾಳಿಂಬೆ ರಸದಂತೆ ಕೆಂಪಾಗಿಯೇ ಇರುತ್ತದೆ, ನೀರಿನ ಲೋಟ ಮಾಸಲು ಗುಲಾಬಿಗೆ ಇಳಿದಿರುತ್ತದೆ. ಎರಡರಲ್ಲೂ ಇರುವ ಆಂಥೋಸಯನಿನ್ ಮಾತ್ರ ಒಂದೇ. ತರಗತಿಯಲ್ಲಿ ಇದನ್ನು ತೋರಿಸದೆ ಮುಂದೆ ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಎಷ್ಟು ಪಟ್ಟು ಎಂಬ ಪ್ರಶ್ನೆ. ಇದನ್ನು ಊಹಿಸದೆ ಪರೀಕ್ಷಿಸಿಯೇ ನಿರ್ಧರಿಸಬೇಕು. ಪಿಎಚ್ 1.0ರ ಬಫರ್‌ನಲ್ಲಿ ಸಾರವನ್ನು 10, 20, 50, 100 ಮತ್ತು 200 ಪಟ್ಟು ತೆಳುಗೊಳಿಸಿ, ಪ್ರತಿಯೊಂದರ ಹೀರುವಿಕೆಯನ್ನು 520ರಲ್ಲಿ ಓದಿ, ದ್ರಾವಣದ ಮಬ್ಬಿನ ಪಾಲಾದ 700ರ ಓದನ್ನು ಅದರಿಂದ ಕಳೆದು, ಬಂದದ್ದನ್ನು ಆಯಾ ಫ್ಯಾಕ್ಟರ್‌ನಿಂದ ಗುಣಿಸಿ. ದ್ರಾವಣವೂ ಯಂತ್ರವೂ ಸರಿಯಾಗಿ ನಡೆದುಕೊಂಡರೆ ಎಲ್ಲ ಗುಣಲಬ್ಧಗಳೂ ಒಂದೇ ಆಗಬೇಕು. ಉದಾಹರಣೆಗೆ, 200 ಪಟ್ಟಿನಲ್ಲಿ 0.150, 100ರಲ್ಲಿ 0.303, 50ರಲ್ಲಿ 0.604, 20ರಲ್ಲಿ 1.42, 10ರಲ್ಲಿ 2.1 ಬಂತೆನ್ನೋಣ. ಗುಣಲಬ್ಧಗಳು ಕ್ರಮವಾಗಿ 30.0, 30.3, 30.2, 28.4 ಮತ್ತು 21. ಮೊದಲ ಮೂರು ಹೊಂದುತ್ತವೆ, 20 ಪಟ್ಟಿನಲ್ಲಿ ಇಳಿಕೆ ಶುರುವಾಗಿದೆ, 10 ಪಟ್ಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಕಾಣೆಯಾಗಿದೆ. ಹತ್ತು ಪಟ್ಟಿನ ಓದನ್ನೇ ನಂಬಿದ್ದರೆ ಸಿಪ್ಪೆಯಲ್ಲಿರುವ ಬಣ್ಣದ ಮೂರನೇ ಒಂದು ಭಾಗವನ್ನು ಇಲ್ಲವೆಂದು ಬರೆದಂತಾಗುತ್ತಿತ್ತು. ಹೊಂದುವ ಮೂರರಲ್ಲಿ 50 ಪಟ್ಟನ್ನು ಆಯ್ದುಕೊಳ್ಳುವುದು ಸೂಕ್ತ, ಏಕೆಂದರೆ ಓದು 0.2ರಿಂದ 1ರ ನಡುಮಧ್ಯದಲ್ಲಿದೆ.

ಸಕ್ಕರೆ ಪಾಕದ ಪುನರ್ಪುಳಿ ಸಿರಪ್ಪನ್ನು ಅಳೆಯುವವರಿಗೆ ಇನ್ನೊಂದು ತೊಡಕು ಇದೆ. ಪಾಕ ಪಿಪೆಟ್‌ನ ಒಳಗೋಡೆಗೆ ಅಂಟಿಕೊಂಡು 1 ಮಿ.ಲೀ. ಎಂದು ತೋರಿದರೂ ಕಡಿಮೆ ಬೀಳುತ್ತದೆ. ಅಂಥದ್ದನ್ನು ಪಿಪೆಟ್‌ನಲ್ಲಿ ಅಳೆಯದೆ ನೇರವಾಗಿ ಫ್ಲಾಸ್ಕ್‌ಗೆ ತೂಗಿ ಹಾಕಿ, ಫಲಿತಾಂಶವನ್ನು ಗ್ರಾಂ ಲೆಕ್ಕದಲ್ಲೇ ಹೇಳುವುದು ಉತ್ತಮ.

ಎರಡು ಬಫರ್‌ಗಳಲ್ಲಿ ಓದುವುದು

ಸಾರದಲ್ಲಿ 520ರಲ್ಲಿ ಹೀರುವ ಎಲ್ಲವೂ ಆಂಥೋಸಯನಿನ್ ಆಗಿರಬೇಕೆಂದಿಲ್ಲ. ಹಳೆಯ ಸಿಪ್ಪೆಯಲ್ಲಿ ಕಂದುಬಣ್ಣದ ಉತ್ಪನ್ನಗಳೂ ಇರುತ್ತವೆ, ಕೆಲವು ಸಿರಪ್‌ಗಳಲ್ಲಿ ಕೃತಕ ಬಣ್ಣ ಇರಲೂಬಹುದು. ಇವು ಪಿಎಚ್ 1.0 ಮತ್ತು 4.5ರ ನಡುವೆ ಹೆಚ್ಚು ಬದಲಾಗುವುದಿಲ್ಲ, ಆಂಥೋಸಯನಿನ್ ಮಾತ್ರ ಬಹುಪಾಲು ಬಣ್ಣ ಕಳೆದುಕೊಳ್ಳುತ್ತದೆ. ಎರಡು ಪಿಎಚ್‌ಗಳ ಓದಿನ ವ್ಯತ್ಯಾಸ ತೆಗೆದಾಗ ಬದಲಾಗದ ಬಣ್ಣಗಳೆಲ್ಲ ಕಳೆದುಹೋಗಿ ಆಂಥೋಸಯನಿನ್‌ನದ್ದು ಮಾತ್ರ ಉಳಿಯುತ್ತದೆ.

ಎರಡು 50 ಮಿ.ಲೀ. ಫ್ಲಾಸ್ಕ್‌ಗಳಿಗೆ ತಲಾ 1 ಮಿ.ಲೀ. ಸಾರ ಹಾಕಿ, ಒಂದನ್ನು ಪಿಎಚ್ 1.0ರಿಂದಲೂ ಮತ್ತೊಂದನ್ನು ಪಿಎಚ್ 4.5ರಿಂದಲೂ ಗುರುತಿಗೆ ತನ್ನಿ. 50 ಮಿ.ಲೀ. ಫ್ಲಾಸ್ಕ್ ಇಲ್ಲದಿದ್ದರೆ ಮೇಲೆ ಹೇಳಿದಂತೆ ಎರಡು ಹಂತದಲ್ಲಿ ಮಾಡಬಹುದು, ಆದರೆ ಪ್ರತಿ ಸರಣಿಯ ಎರಡೂ ಹಂತಗಳಲ್ಲಿ ಅದರದೇ ಬಫರ್ ಇರಬೇಕು. ಪಿಎಚ್ 1.0ರಲ್ಲಿ ತೆಳುಗೊಳಿಸಿದ್ದನ್ನೇ 4.5ಕ್ಕೆ ಸುರಿದರೆ ಆಮ್ಲ ಸೇರಿ ಪಿಎಚ್ ಕೆಳಗಿಳಿಯುತ್ತದೆ. ಎಷ್ಟೇ ತೆಳುವಾದ ಸಾರವಾದರೂ ಒಟ್ಟು ಪರಿಮಾಣದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮಾದರಿ ಇರಬಾರದು, ಇದ್ದರೆ ಬಫರ್ ತನ್ನ ಪಿಎಚ್ ಕಾಯ್ದುಕೊಳ್ಳಲಾರದು. ಬೆರೆಸಿ 20 ನಿಮಿಷ ಬಿಟ್ಟು, 50 ನಿಮಿಷದೊಳಗೆ ನಾಲ್ಕೂ ಓದುಗಳನ್ನು ಮುಗಿಸಬೇಕು: ಪ್ರತಿ ಬಫರ್‌ಗೆ 520ರಲ್ಲಿ ಒಂದು, 700ರಲ್ಲಿ ಒಂದು. ಶೂನ್ಯಕ್ಕೆ ಭಟ್ಟಿ ಇಳಿಸಿದ ನೀರು.

700ರಲ್ಲಿ ಆಂಥೋಸಯನಿನ್ ಹೀರುವುದಿಲ್ಲ. ಅಲ್ಲಿ ಬರುವ ಅಂಕಿ ದ್ರಾವಣದ ಮಬ್ಬಿನಿಂದ ಚೆದುರಿದ ಬೆಳಕಿನದು. ಅದು 0.05 ದಾಟಿದರೆ ಕಳೆದು ಸುಮ್ಮನಾಗದೆ ಸಾರವನ್ನು ಮತ್ತೆ ಸೋಸುವುದು ಅಥವಾ ಸೆಂಟ್ರಿಫ್ಯೂಜ್ ಮಾಡುವುದು ಲೇಸು. ಸಿಪ್ಪೆಯ ಪೆಕ್ಟಿನ್ ಸಾಮಾನ್ಯವಾಗಿ ಈ ಮಬ್ಬಿಗೆ ಕಾರಣ.

ಲೆಕ್ಕ ಹೀಗೆ. ಪಿಎಚ್ 1.0ರಲ್ಲಿ 520ರ ಓದು 0.612, 700ರದ್ದು 0.008; ಪಿಎಚ್ 4.5ರಲ್ಲಿ ಕ್ರಮವಾಗಿ 0.094 ಮತ್ತು 0.010 ಎಂದಿಟ್ಟುಕೊಳ್ಳಿ. ಮೊದಲ ಜೋಡಿಯ ವ್ಯತ್ಯಾಸ 0.604, ಎರಡನೆಯದು 0.084, ಇವೆರಡರ ವ್ಯತ್ಯಾಸ 0.520. ಫಲಿತಾಂಶವನ್ನು ಸಯನಿಡಿನ್-3-ಗ್ಲುಕೋಸೈಡ್ ಲೆಕ್ಕದಲ್ಲಿ ಹೇಳುವುದು ರೂಢಿ. ಅದರ ಅಣುತೂಕ 449.2, ಮೋಲಾರ್ ಗುಣಾಂಕ 26,900. 0.520ನ್ನು 449.2ರಿಂದಲೂ 1000ದಿಂದಲೂ ಗುಣಿಸಿ 26,900ರಿಂದ ಭಾಗಿಸಿದರೆ ತೆಳುಗೊಳಿಸಿದ ದ್ರಾವಣದಲ್ಲಿ ಲೀಟರಿಗೆ 8.68 ಮಿಲಿಗ್ರಾಂ. ಐವತ್ತರಿಂದ ಗುಣಿಸಿದರೆ ಮೂಲ ಸಾರದಲ್ಲಿ ಲೀಟರಿಗೆ 434 ಮಿಲಿಗ್ರಾಂ. ಸಾರ ಇದ್ದದ್ದು 100 ಮಿ.ಲೀ., ಅಂದರೆ 43.4 ಮಿಲಿಗ್ರಾಂ, ಅದು ಬಂದದ್ದು 5 ಗ್ರಾಂ ಸಿಪ್ಪೆಯಿಂದ, ಆದ್ದರಿಂದ 100 ಗ್ರಾಂ ಹಸಿ ಸಿಪ್ಪೆಯಲ್ಲಿ 868 ಮಿಲಿಗ್ರಾಂ. ಈ ಓದುಗಳು ಲೆಕ್ಕ ತೋರಿಸಲು ಇಟ್ಟ ಮಾದರಿ ಅಂಕಿಗಳು, ನಿಮ್ಮ ಸಿಪ್ಪೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಎರಡು ಕಡೆ ಗುಣಾಕಾರ ತಪ್ಪಿಹೋಗುವ ಸಂಭವ ಹೆಚ್ಚು: ಕ್ಯುವೆಟ್‌ನಿಂದ ಸಾರಕ್ಕೆ, ಸಾರದಿಂದ ಸಿಪ್ಪೆಗೆ. ಪ್ರತಿ ಸಾಲಿನ ಮುಂದೆ ಅದು ಯಾವ ದ್ರವದ ಅಂಕಿ ಎಂದು ಬರೆದುಕೊಂಡರೆ ತಪ್ಪುವುದಿಲ್ಲ.

ಕರಾವಳಿಯ ಹವೆಯಲ್ಲಿ ಗಮನಿಸಬೇಕಾದದ್ದು

ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ನೇರವಾಗಿ ಕ್ಯುವೆಟ್‌ಗೆ ಹಾಕಿದರೆ ಮಂಗಳೂರಿನ ತೇವದ ಗಾಳಿಯಲ್ಲಿ ಕ್ಷಣದಲ್ಲೇ ಹೊರಮೈಗೆ ಹನಿಮಂಜು ಕೂರುತ್ತದೆ, ಹೀರುವಿಕೆ ಏರುತ್ತ ಹೋಗುತ್ತದೆ. ಒರೆಸಿದರೆ ಇಳಿದು ಮತ್ತೆ ಏರುತ್ತದೆ. ಓದು ನಿಲ್ಲದೆ ಒಂದೇ ಕಡೆಗೆ ಜಾರುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ದ್ರಾವಣ ಕೋಣೆಯ ತಾಪಕ್ಕೆ ಬರುವವರೆಗೆ ಕಾಯಿರಿ. ಕ್ಯುವೆಟ್ಟನ್ನು ಮಾಸಲು ಬದಿಗಳಲ್ಲಿ ಹಿಡಿದು, ನಯವಾದ ಬದಿಗಳನ್ನು ನೂಲು ಬಿಡದ ಕಾಗದದಿಂದ ಒರೆಸಿ, ಪ್ರತಿ ಸಲವೂ ಒಂದೇ ದಿಕ್ಕಿಗೆ ಇಡಿ. ಒಳಗೋಡೆಗೆ ಅಂಟಿದ ಗಾಳಿಗುಳ್ಳೆಯನ್ನು ಮೆಲ್ಲಗೆ ತಟ್ಟಿ ಬಿಡಿಸಿ.

ಮಳೆಗಾಲದಲ್ಲಿ ಯಂತ್ರದ ಕನ್ನಡಿ ಮತ್ತು ಮಸೂರಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಸಿಲಿಕಾ ಜೆಲ್ ಪೊಟ್ಟಣವನ್ನು ಯಂತ್ರದಲ್ಲಿ ಕ್ಯುವೆಟ್ ಇಡುವ ಗೂಡಿನೊಳಗಿಟ್ಟು, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡುವುದು ಮತ್ತು ವಾರಕ್ಕೆರಡು ಬಾರಿಯಾದರೂ ಯಂತ್ರವನ್ನು ಸ್ವಲ್ಪ ಹೊತ್ತು ಚಾಲೂ ಮಾಡುವುದು ಅಗತ್ಯ. ಫ್ಲಾಸ್ಕ್‌ಗಳ ಮೇಲೆ 20 ಅಥವಾ 27 ಡಿಗ್ರಿ ಎಂದು ಮುದ್ರೆ ಇರುತ್ತದೆ. ನಮ್ಮ ಮೇ ತಿಂಗಳ 32 ಡಿಗ್ರಿಯಲ್ಲಿ ನೀರಿನ ಹಿಗ್ಗುವಿಕೆಯಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ ಶೇಕಡಾ 0.3. ಪಿಪೆಟ್‌ನ ದೋಷದ ಮುಂದೆ ಇದು ಲೆಕ್ಕಕ್ಕಿಲ್ಲ. ಪಿಪೆಟ್ ಪರೀಕ್ಷಿಸಲು 1 ಮಿ.ಲೀ. ನೀರನ್ನು ಹತ್ತು ಸಲ ತಕ್ಕಡಿಯ ಮೇಲೆ ಬಿಟ್ಟು ಪ್ರತಿ ಸಲದ ತೂಕ ಬರೆದುಕೊಂಡರೆ ಸಾಕು, 0.995 ಗ್ರಾಂ ಸುತ್ತ ಬಿಗಿಯಾಗಿ ಬಂದರೆ ಪಿಪೆಟ್ಟೂ ಕೈಯೂ ಸರಿ ಇವೆ.

ಇದೇ ಕ್ರಮ ಬೇರೆಡೆ

ವೈದ್ಯಕೀಯ ಪ್ರಯೋಗಾಲಯದಲ್ಲಿ ಹಿಮೋಗ್ಲೋಬಿನ್ ಅಳೆಯುವ ಸಯನ್‌ಮೆಟ್‌ಹಿಮೋಗ್ಲೋಬಿನ್ ವಿಧಾನದಲ್ಲಿ 20 ಮೈಕ್ರೋಲೀಟರ್ ರಕ್ತವನ್ನು 5 ಮಿ.ಲೀ. ಡ್ರ್ಯಾಬ್ಕಿನ್ ದ್ರಾವಣಕ್ಕೆ ಸೇರಿಸಿ 540ರಲ್ಲಿ ಓದುತ್ತಾರೆ. ಅಲ್ಲಿನ ಫ್ಯಾಕ್ಟರ್ 250 ಅಲ್ಲ, 251. ಏಕೆಂದು ಮೇಲಿನ ವಿವರಣೆ ಓದಿದವರಿಗೆ ತಿಳಿಯುತ್ತದೆ. ಡಿಎನ್‌ಎ ದ್ರಾವಣ 260ರಲ್ಲಿ ಹೀರುವಿಕೆ 1 ತೋರಿಸಿದರೆ ಎರಡೆಳೆಯ ಡಿಎನ್‌ಎ ಮಿ.ಲೀ.ಗೆ ಸುಮಾರು 50 ಮೈಕ್ರೋಗ್ರಾಂ ಇದೆ ಎಂದು ಹಿಡಿಯುತ್ತಾರೆ. ಬ್ರ್ಯಾಡ್‌ಫೋರ್ಡ್ ವಿಧಾನದ ಪ್ರೋಟೀನ್ ಅಳತೆಯಲ್ಲಿ ರೇಖೆ ಸ್ವಭಾವತಃ ಬಾಗುವುದರಿಂದ ಪ್ರಕಟಿತ ಗುಣಾಂಕ ನಡೆಯದು, ಪ್ರತಿ ಸಲವೂ ಮಾನಕ ರೇಖೆ ಬೇಕು. ಯೀಸ್ಟ್ ಅಥವಾ ಬ್ಯಾಕ್ಟೀರಿಯಾದ 600 ನ್ಯಾನೋಮೀಟರ್ ಓದು ಹೀರುವಿಕೆಯೇ ಅಲ್ಲ, ಬೆಳಕಿನ ಚೆದುರುವಿಕೆ. ಆದರೂ ಅಲ್ಲಿಯೂ ಓದು ಹೆಚ್ಚಾದರೆ ತೆಳುಗೊಳಿಸಿಯೇ ಅಳೆಯಬೇಕು.

ಫಲಿತಾಂಶ ಬರೆಯುವಾಗ

ಒಂದೇ ಕ್ಯುವೆಟ್ಟನ್ನು ಮೂರು ಸಲ ಓದುವುದು ಯಂತ್ರದ ಸ್ಥಿರತೆಯನ್ನಷ್ಟೇ ಹೇಳುತ್ತದೆ. ಒಂದೇ ಸಾರವನ್ನು ಮೂರು ಸಲ ತೆಳುಗೊಳಿಸಿದರೆ ಪಿಪೆಟ್‌ನ ದೋಷ ತಿಳಿಯುತ್ತದೆ. ಸಿಪ್ಪೆಯನ್ನೇ ಮೂರು ಸಲ ಬೇರೆಬೇರೆಯಾಗಿ ತೂಗಿ ಸಾರ ತೆಗೆದರೆ ಮಾತ್ರ ಸಿಪ್ಪೆಯ ಬಗ್ಗೆ ಮಾತನಾಡುವ ಹಕ್ಕು ಬರುತ್ತದೆ. ಎರಡು ಮರಗಳನ್ನು ಹೋಲಿಸಬೇಕಾದರೆ ಪ್ರತಿ ಮರದ ಹಲವು ಹಣ್ಣುಗಳಿಂದ ಮಾದರಿ ತೆಗೆಯಬೇಕು, ಎಲ್ಲವೂ ಒಂದೇ ಹದಕ್ಕೆ ಹಣ್ಣಾಗಿರಬೇಕು. ವರದಿಯಲ್ಲಿ ಸರಾಸರಿಯ ಜೊತೆಗೆ ಮೂರು ಅಂಕಿಗಳ ಹರವು, ಹಸಿತೂಕವೋ ಒಣತೂಕವೋ, ಯಾವ ವಸ್ತುವಿನ ಲೆಕ್ಕದಲ್ಲಿ ಹೇಳಿದ್ದು, ಸಾರ ತೆಗೆದ ದ್ರಾವಕ, ಡೈಲ್ಯೂಷನ್ ಫ್ಯಾಕ್ಟರ್ ಮತ್ತು ನಾಲ್ಕು ಮೂಲ ಓದುಗಳು ಇರಬೇಕು. ಮೂಲ ಓದುಗಳಿದ್ದರೆ ಲೆಕ್ಕದಲ್ಲಿ ತಪ್ಪಾದರೂ ಓದುಗರು ತಾವೇ ತಿದ್ದಿಕೊಳ್ಳಬಹುದು, ಬರೀ ಕೊನೆಯ ಅಂಕಿ ಇದ್ದರೆ ಅದು ಸಾಧ್ಯವಿಲ್ಲ. ಕೆಲಸ ಮುಗಿದ ಮೇಲೆ ಕ್ಯುವೆಟ್‌ಗಳನ್ನು ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಎಥನಾಲ್‌ನಿಂದ ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ, ಬೋರಲು ಹಾಕಿ ಒಣಗಿಸಿ. ಪ್ಲಾಸ್ಟಿಕ್ ಕ್ಯುವೆಟ್‌ಗಳಿಗೆ ಅಸಿಟೋನ್ ತಾಗಿಸಬಾರದು, ಮೈ ಮಸುಕಾಗಿ ಮುಂದಿನ ಅಳತೆಗೆ ಬಾರದೆ ಹೋಗುತ್ತವೆ.